ಮೂರೂವರೆ ಲಕ್ಷ ನಂಟು, 640 ಕೋಟಿ ನರಕೋಶ

ಮಧ್ಯ ಆಫ್ರಿಕದ ಗಬಾನ್ ದೇಶದಲ್ಲಿ ಲೋಪೆ ಎಂಬ ರಾಷ್ಟ್ರೀಯ ಉದ್ಯಾನವಿದೆ. ವಿಶಾಲವಾದ ಹುಲ್ಲುಗಾವಲು, ನಡುನಡುವೆ ದಟ್ಟ ಕಾಡಿನ ತುಣುಕುಗಳು. ಮ್ಯಾಂಡ್ರಿಲ್ ಮಂಗಗಳು ಒಂದು ತುಣುಕಿನಿಂದ ಇನ್ನೊಂದಕ್ಕೆ ಬಯಲು ದಾಟುವಾಗ ವಿಜ್ಞಾನಿಗಳು ಕಾದು ಕುಳಿತು ಎಣಿಸಿದರು. 2002ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಒಂದು ಹಿಂಡಿನ ಸರಾಸರಿ ಗಾತ್ರ 620. ಅತಿ ದೊಡ್ಡ ಹಿಂಡು 845!

845 ಎಂದರೆ ಎಷ್ಟು? ನಮ್ಮ ಸಿರಸಿ–ಹೊನ್ನಾವರದ ಕಾಡುಗಳಿಗೆ ಬನ್ನಿ. ಸಿಂಗಳೀಕಗಳ ಅತಿ ದೊಡ್ಡ ನೆಲೆಗಳಲ್ಲಿ ಅದೂ ಒಂದು. ಮೈಸೂರಿನ ಮೇವಾ ಸಿಂಗ್, ಹೊನ್ನವಳ್ಳಿ ಕುಮಾರ ಮೊದಲಾದವರು ಅಲ್ಲಿ ಸುತ್ತಿ ಎಣಿಸಿದಾಗ ಸಿಕ್ಕಿದ್ದು 32 ಗುಂಪು, 638 ಸಿಂಗಳೀಕ. ಅಘನಾಶಿನಿ ಕಣಿವೆಯ ಸುತ್ತಲಿನ ಈ ಕಾಡಿನ 32 ಗುಂಪುಗಳನ್ನೂ ಒಟ್ಟಿಗೆ ಕಲೆಹಾಕಿದರೂ ಗಬಾನಿನ ಒಂದೇ ಒಂದು ಹಿಂಡಿಗೆ 207 ತಲೆ ಕಡಿಮೆ ಬೀಳುತ್ತದೆ.

ಆದರೆ ತಲೆಯೆಣಿಕೆ ಇಲ್ಲಿ ಸಣ್ಣ ಲೆಕ್ಕ. ಮಂಗಗಳನ್ನು ಅಧ್ಯಯನ ಮಾಡುವವರು ಎಣಿಸುವುದು ತಲೆಗಳನ್ನಲ್ಲ, ತಲೆಗಳ ನಡುವಿನ ನಂಟನ್ನು. ಇಬ್ಬರಿದ್ದರೆ ನಂಟು ಒಂದು. ಮೂವರಿದ್ದರೆ ಮೂರು. ಹತ್ತು ಜನಕ್ಕೆ 45. ಇದೇ ಲೆಕ್ಕ ಮುಂದುವರಿಸಿದರೆ 845 ಮಂಗಗಳ ನಡುವೆ ಸಾಧ್ಯವಿರುವ ಜೋಡಿಗಳು 3,56,590. ಒಂದೊಂದು ಜೋಡಿಯನ್ನು ನೆನಪಿನಲ್ಲಿ ಕೂರಿಸಿಕೊಳ್ಳಲು ನಿಮಗೆ ಒಂದೊಂದು ನಿಮಿಷ ಕೊಟ್ಟರೆ, ಊಟ ನಿದ್ದೆ ಬಿಟ್ಟು ಕೂತರೂ 247 ದಿನ ಬೇಕು. ಯುಗಾದಿಯಂದು ಶುರುಮಾಡಿದರೆ ದೀಪಾವಳಿ ಕಳೆದ ಮೇಲೆ ಮುಗಿದೀತು.

ಇಷ್ಟು ದೊಡ್ಡ ಹಿಂಡಿನಲ್ಲಿ ಪ್ರತಿ ಮಂಗಕ್ಕೂ ಪ್ರತಿಯೊಬ್ಬರ ಪರಿಚಯ ಇದೆಯೆಂದು ನಾನು ಹೇಳುತ್ತಿಲ್ಲ. ಚಿಕ್ಕ ತಂಡಗಳಲ್ಲಿ ಮಾತ್ರ ಇದು ಕೇವಲ ಗಣಿತವಲ್ಲ. ಬೋಟ್ಸ್ವಾನಾದ ಮೊರೆಮಿಯಲ್ಲಿ ಡೊರೊಥಿ ಚೀನಿ ಮತ್ತು ರಾಬರ್ಟ್ ಸೇಫಾರ್ತ್ ದಂಪತಿ ವರ್ಷಗಟ್ಟಲೆ ಬಬೂನ್‌ಗಳ ಬೆನ್ನು ಹತ್ತಿದ್ದರು. ತಂಡದ ಗಾತ್ರ 80ರ ಆಸುಪಾಸು. 80ಕ್ಕೆ ಜೋಡಿಗಳು 3,160. ಮೂವರ ಕೂಟಗಳು 82,160. ಅವರ ಬಳಗ ಪೊದೆಯ ಮರೆಯಲ್ಲಿ ಧ್ವನಿವರ್ಧಕ ಇಟ್ಟು, ಬೇರೆಬೇರೆ ಹೆಣ್ಣುಗಳ ನಿಜವಾದ ಕೂಗುಗಳನ್ನು ಕತ್ತರಿಸಿ ಜೋಡಿಸಿ ಒಂದು ಸುಳ್ಳು ಜಗಳ ಕೇಳಿಸಿತು. ಕೆಳಗಿನ ಅಂತಸ್ತಿನವಳು ಮೇಲಿನವಳನ್ನು ಗದರಿಸಿದಂತೆ, ಮೇಲಿನವಳು ಹೆದರಿ ಕಿರುಚಿದಂತೆ. ಆ ಜಗಳಕ್ಕೆ ಯಾವ ಸಂಬಂಧವೂ ಇಲ್ಲದ ಮೂರನೆಯವಳು ಕತ್ತು ತಿರುಗಿಸಿ ದಿಟ್ಟಿಸಿದಳು. ಜಗಳ ಒಂದೇ ಮನೆತನದೊಳಗಿನದಾದರೆ ಕಡಿಮೆ ಹೊತ್ತು, ಎರಡು ಮನೆತನಗಳ ನಡುವಿನದಾದರೆ ಹೆಚ್ಚು ಹೊತ್ತು. ಯಾರು ಯಾರ ಮಗಳು, ಯಾವ ಮನೆತನ ಮೇಲೆ, ಯಾವುದು ಕೆಳಗೆ ಎಂಬುದೆಲ್ಲ ಆ ಒಂದು ಕತ್ತಿನ ತಿರುವಿನಲ್ಲಿತ್ತು. ಪುಸ್ತಕವಿಲ್ಲ, ಪಟ್ಟಿಯಿಲ್ಲ, ಮಾತೂ ಇಲ್ಲ!

ಈ ನಂಟುಗಳಿಗೆ ಸಲ್ಲುವ ಸಮಯವನ್ನೂ ಲೆಕ್ಕ ಹಾಕಬೇಕು. ಇಥಿಯೋಪಿಯಾದ ಎತ್ತರದ ಹುಲ್ಲುಗಾವಲುಗಳ ಗೆಲಾಡಾ ಮಂಗಗಳು ಹಗಲಿನ ಐದನೇ ಒಂದು ಭಾಗದವರೆಗೂ ಒಬ್ಬರ ಮೈಯನ್ನೊಬ್ಬರು ಹೆಕ್ಕುತ್ತ ಕೂರಬಲ್ಲವು. ಹನ್ನೆರಡು ಗಂಟೆಯ ಹಗಲಿನಲ್ಲಿ 2 ಗಂಟೆ 24 ನಿಮಿಷ. ಇದೇ ದರದಲ್ಲಿ ಇಪ್ಪತ್ತು ವರ್ಷ ಬದುಕಿದರೆ 17,520 ಗಂಟೆ. ಹಗಲೂ ರಾತ್ರಿ ಎಡೆಬಿಡದೆ ಸರಿಯಾಗಿ ಎರಡು ವರ್ಷ, ಬರೀ ಹೇನು ಹೆಕ್ಕುವುದರಲ್ಲೇ! ಹೇನಿಗಾಗಿ ಇಷ್ಟು ಹೊತ್ತು ಬೇಕಿಲ್ಲ. ಸ್ನೇಹಕ್ಕೆ ಬೇಕು.

ಸ್ನೇಹ ತಪ್ಪಿದರೆ, ತಾಯಿ ಬೇಗ ಸತ್ತರೆ, ಬರಗಾಲದಲ್ಲಿ ಹುಟ್ಟಿದರೆ ಏನಾಗುತ್ತದೆ ಎಂಬುದಕ್ಕೂ ಅಂಕಿಗಳಿವೆ. ಕೀನ್ಯಾದ ಅಂಬೊಸೆಲಿಯಲ್ಲಿ ಜೀನ್ ಮತ್ತು ಸ್ಟುವರ್ಟ್ ಆಲ್ಟ್‌ಮನ್ 1971ರಲ್ಲಿ ಶುರುಮಾಡಿದ ಬಬೂನ್ ಅಧ್ಯಯನ ಇಂದಿಗೂ ನಿಂತಿಲ್ಲ. ಅಜ್ಜಿ, ತಾಯಿ, ಮಗಳು, ಮೊಮ್ಮಗಳು, ಎಲ್ಲರ ಕಥೆಯೂ ಅಲ್ಲಿನ ದಾಖಲೆಯಲ್ಲಿದೆ. 2016ರಲ್ಲಿ 196 ಹೆಣ್ಣು ಬಬೂನ್‌ಗಳ ಬಾಲ್ಯವನ್ನು ಆರು ಕಷ್ಟಗಳ ಪಟ್ಟಿಯೊಂದಿಗೆ ತಾಳೆ ನೋಡಿದರು: ಬರ, ತಾಯಿಯ ಸಾವು, ತಾಯಿಯ ಕೀಳು ಅಂತಸ್ತು, ತಾಯಿಯ ಒಂಟಿತನ, ಕಿಕ್ಕಿರಿದ ತಂಡ, ಬೆನ್ನಹಿಂದೆಯೇ ಹುಟ್ಟಿದ ತಮ್ಮ ತಂಗಿ. ಇವುಗಳಲ್ಲಿ ಮೂರೋ ಹೆಚ್ಚೋ ಅನುಭವಿಸಿದವರು, ಒಂದನ್ನೂ ಕಾಣದ ಅಥವಾ ಒಂದನ್ನಷ್ಟೇ ಕಂಡವರಿಗಿಂತ ಹತ್ತು ವರ್ಷ ಮೊದಲೇ ಸತ್ತಿದ್ದರು. ಹತ್ತು ವರ್ಷ! ಇಪ್ಪತ್ತೈದು ದಾಟುವುದೇ ಅಪರೂಪವಾದ ಪ್ರಾಣಿಯ ಬದುಕಿನಲ್ಲಿ. ಎಂದೋ ಮುಗಿದುಹೋದ ಬಾಲ್ಯ ಎಷ್ಟು ಉದ್ದದ ಕೈ ಚಾಚುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಅಂಕಿಯನ್ನು ನಾನು ಓದಿಲ್ಲ.

ಅದೇ ಕೀನ್ಯಾದ ಎಂಪಾಲಾದಲ್ಲಿ 2012ರಲ್ಲಿ ಮತ್ತೊಂದು ತಂಡ, 46 ಬಬೂನ್‌ಗಳು. ಅವುಗಳಲ್ಲಿ 25ರ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದರು. ಸೂರ್ಯ ಹುಟ್ಟಿ ಮುಳುಗುವವರೆಗೆ ಪ್ರತಿ ಸೆಕೆಂಡಿಗೆ ಒಂದು ಗುರುತು. ಹನ್ನೆರಡು ಗಂಟೆಗೆ ಒಬ್ಬರಿಂದ 43,200. 25 ಪಟ್ಟಿಗಳೂ ಇಡೀ ದಿನ ನಡೆದರೆ 10,80,000. ಒಂದೇ ದಿನಕ್ಕೆ ಹತ್ತು ಲಕ್ಷ ಮೀರಿದ ಹೆಜ್ಜೆಗುರುತು! ಈ ರಾಶಿಯನ್ನು ಜಾಲಾಡಿ ಕೇಳಿದ ಪ್ರಶ್ನೆ ಒಂದೇ: ತಂಡ ಯಾವ ಕಡೆ ಹೋಗಬೇಕೆಂದು ಯಾರು ನಿರ್ಧರಿಸುತ್ತಾರೆ? ದೊಡ್ಡ ಕೋರೆಹಲ್ಲಿನ ಯಜಮಾನನಲ್ಲ. ಎರಡು ಕಡೆ ಎಳೆತವಿದ್ದಾಗ, ನಡುವಿನ ಕೋನ ದೊಡ್ಡದಿದ್ದರೆ ಹೆಚ್ಚು ಮಂದಿ ಹೊರಟ ಕಡೆಗೆ; ಕೋನ ಚಿಕ್ಕದಿದ್ದರೆ ಎರಡರ ನಟ್ಟನಡುವಿನ ದಾರಿಗೆ.

ಇನ್ನು ಕಾಮದ ಲೆಕ್ಕ. ಇಲ್ಲಿ ಅಂಕಿಗಳು ಎರಡು ತುದಿಗೂ ಓಡುತ್ತವೆ. ಮೊರಾಕೊದ ಬೆಟ್ಟಗಳ ಬಾರ್ಬರಿ ಮಕಾಕ್ ಹೆಣ್ಣು ಬೆದೆಗೆ ಬಂದಾಗ ಸರಾಸರಿ 17 ನಿಮಿಷಕ್ಕೊಮ್ಮೆ ಕೂಡುತ್ತದೆಂದು 1980ರ ಹೊತ್ತಿಗೆ ಡೇವಿಡ್ ಟಾಬ್ ವರದಿ ಮಾಡಿದರು. ಅದೂ ತಂಡದ ಪ್ರಾಯಕ್ಕೆ ಬಂದ ಎಲ್ಲ ಗಂಡುಗಳ ಜೊತೆ. ಹನ್ನೆರಡು ಗಂಟೆಯ ಹಗಲಿಗೆ ಈ ದರ ಹಚ್ಚಿದರೆ 42 ಸಲ! ಇಂಥ ಪೈಪೋಟಿಯಿರುವ ಸಮಾಜದಲ್ಲಿ ಗಂಡಿನ ಮೈಯೇ ಬೇರೆ ಅಳತೆಗೆ ಬೆಳೆಯುತ್ತದೆ. 169 ಕಿಲೋ ತೂಗುವ, ತನ್ನ ಹೆಣ್ಣುಗಳ ಬಳಿ ಬೇರೊಬ್ಬರನ್ನು ಸುಳಿಯಗೊಡದ ಗೊರಿಲ್ಲಾದ ಎರಡೂ ವೃಷಣಗಳ ತೂಕ ಸೇರಿ 30 ಗ್ರಾಮಿನಷ್ಟು. ಹತ್ತು ಕಿಲೋ ಆಸುಪಾಸಿನ ಕೆಲವು ಮಕಾಕ್‌ಗಳದ್ದು ಅದಕ್ಕಿಂತ ಹೆಚ್ಚು. ಹದಿನೇಳನೇ ಒಂದು ಪಾಲಿನ ದೇಹ, ಅದರಲ್ಲಿ ಗೊರಿಲ್ಲಾವನ್ನೂ ಮೀರಿಸುವ ಅಂಗ. 1981ರಲ್ಲಿ ಹಾರ್ಕೋರ್ಟ್ ಮತ್ತು ಸಂಗಡಿಗರು ಮಂಗ, ವಾನರಗಳನ್ನೆಲ್ಲ ಸಾಲಾಗಿ ತೂಗಿ ನೋಡಿದಾಗ ಇದೇ ನಿಯಮ ಮತ್ತೆ ಮತ್ತೆ ಕಂಡಿತು.

ದಕ್ಷಿಣ ಅಮೆರಿಕದ ಕೂಗುಮಂಗಗಳದ್ದು ಇದಕ್ಕೂ ಸೋಜಿಗದ ವಿನಿಮಯ. ಹತ್ತು ಕಿಲೋ ಮುಟ್ಟದ ಈ ಮಂಗದ ಆರ್ಭಟ ಐದು ಕಿಲೋಮೀಟರ್ ದೂರದವರೆಗೂ ಕೇಳಿಸಬಲ್ಲದು. ಒಂದು ಕೂಗುಮಂಗವನ್ನು ಚಾಮುಂಡಿ ಬೆಟ್ಟದ ತುದಿಯಲ್ಲಿ ಕೂರಿಸಿದರೆ ಮೈಸೂರಿನ ಅರಮನೆಯಲ್ಲಿ ಕುಳಿತವರಿಗೂ ಗೊತ್ತಾದೀತು. ದನಿಯ ಆಳ ಹುಲಿಯದ್ದಕ್ಕೆ ಸಮ! ಗಂಟಲಿನ ಪೊಳ್ಳು ಮೂಳೆಯೇ ಅದರ ನಗಾರಿ. 2015ರಲ್ಲಿ ಜೇಕಬ್ ಡನ್ ಮತ್ತು ಲೆಸ್ಲಿ ನ್ಯಾಪ್ ಮೊದಲಾದವರು ಬೇರೆಬೇರೆ ಕೂಗುಮಂಗಗಳ ಈ ಮೂಳೆಯನ್ನೂ ವೃಷಣವನ್ನೂ ಅಳೆದರು. ಮೂಳೆ ದೊಡ್ಡದಾದಷ್ಟೂ ವೃಷಣ ಚಿಕ್ಕದು. ಗಂಟಲು ಜೋರಾದವನಿಗೆ ಅದು ಕಡಿಮೆ, ಅದು ಜೋರಾದವನಿಗೆ ಗಂಟಲು ಕಡಿಮೆ. ಎರಡನ್ನೂ ಒಬ್ಬನಿಗೇ ಕೊಡಲು ನಿಸರ್ಗ ಒಪ್ಪಿಲ್ಲ.

ಇಷ್ಟೆಲ್ಲ ದೊಡ್ಡ ಅಂಕಿಗಳ ನಡುವೆ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಒಂದು ಸೊನ್ನೆ. ಅರ್ಜೆಂಟೀನಾದ ಕಾಡುಗಳಲ್ಲಿ ಗೂಬೆಮಂಗಗಳಿವೆ. ರಾತ್ರಿಯೂ ಓಡಾಡುವ ದೊಡ್ಡಕಣ್ಣಿನ ಈ ಮಂಗಗಳು ಜೋಡಿಯಾಗಿ ಬದುಕುತ್ತವೆ. ಮರಿಯನ್ನು ಹೊತ್ತು ತಿರುಗುವುದು ಬಹುಪಾಲು ತಂದೆಯೇ. 17 ಜೋಡಿಗಳ 35 ಮರಿಗಳ ವಂಶವಾಹಿಯನ್ನು ಪರೀಕ್ಷಿಸಿದ ಫಲಿತಾಂಶ 2014ರಲ್ಲಿ ಹೊರಬಂತು. ಹೊರಗಿನ ತಂದೆಗೆ ಹುಟ್ಟಿದ ಮರಿಗಳು: ಸೊನ್ನೆ. ಆಯುಷ್ಯವಿಡೀ ಜೊತೆಯಲ್ಲೇ ಇರುವ ಹಕ್ಕಿಜೋಡಿಗಳಲ್ಲೂ ಇಂಥ ಸೊನ್ನೆ ಸಿಗುವುದು ಕಷ್ಟ.

ಧಾರವಾಡದ ಲೆಕ್ಕ ಬೇರೆ, ಅದು ಕಠೋರ. 1961ರಿಂದ 63ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸುವಗಳ ಹಿಂದೆ ನಡೆದರು. 1962ರಲ್ಲಿ ಏಳು ಗಂಡುಗಳ ಪುಂಡು ಗುಂಪೊಂದು ಒಂದು ತಂಡದ ಮೇಲೆ ಬಿತ್ತು. ಹಳೆಯ ಯಜಮಾನ ಓಡಿದ, ಏಳರಲ್ಲಿ ಒಬ್ಬ ಉಳಿದ. ಆಮೇಲೆ ಹಾಲು ಕುಡಿಯುವ ಮರಿಗಳು ಒಂದೊಂದಾಗಿ ಅವನ ಹಲ್ಲಿಗೆ ಸಿಕ್ಕವು. ಹೊಸ ಯಜಮಾನ ಮರಿಗಳನ್ನು ಕೊಲ್ಲುತ್ತಾನೆ ಎಂಬ ಮಾತು ವಿಜ್ಞಾನದ ದಾಖಲೆಗೆ ಬಂದದ್ದು ನಮ್ಮ ಧಾರವಾಡದಿಂದ. ಮುಂದೆ ಸಾರಾ ಹರ್ಡಿ ರಾಜಸ್ಥಾನದ ಅಬು ಬೆಟ್ಟದಲ್ಲಿ ಇದಕ್ಕೊಂದು ಗಣಿತ ಕಂಡರು. ಒಂದು ತಂಡದಲ್ಲಿ ಗಂಡಿನ ಯಜಮಾನಿಕೆ ಸರಾಸರಿ 27 ತಿಂಗಳು. ಮರಿಗೆ ಹಾಲೂಡುವ ಹೆಣ್ಣು ಬೆದೆಗೆ ಬರಲು ವರ್ಷದಷ್ಟು ಕಾಯಬೇಕು, ಬಸಿರು ಆರೂವರೆ ತಿಂಗಳು. 27ರಲ್ಲಿ ಇವೆರಡನ್ನೂ ಕಳೆದರೆ ಅವನ ಮರಿ ಹುಟ್ಟಿ ಬೆಳೆಯಲು ಉಳಿಯುವುದೆಷ್ಟು? ಒಂಬತ್ತು ತಿಂಗಳೂ ಇಲ್ಲ. ಹರ್ಡಿಯವರ ಪ್ರಕಾರ ಧಾರವಾಡದ ಕಾಡಿನಲ್ಲಿ ಮರಿಗಳು ಸತ್ತದ್ದೂ ಈ ಕಳೆಯುವ ಲೆಕ್ಕಕ್ಕೆ.

ಈಗ ಮಂಗಗಳ ಜಗತ್ತಿನ ಕಿಕ್ಕಿರಿದ ಊರೊಂದಕ್ಕೆ ಹೋಗೋಣ. ಕೆರಿಬಿಯನ್ ಕಡಲಿನ ಪೋರ್ಟೊ ರಿಕೊ ದಡದಿಂದ ಕಲ್ಲೆಸೆತದಷ್ಟು ಆಚೆ ಕಾಯೊ ಸಾಂಟಿಯಾಗೊ ಎಂಬ ನಡುಗಡ್ಡೆ. ವಿಸ್ತೀರ್ಣ 38 ಎಕರೆ. ಬೆಂಗಳೂರಿನ 240 ಎಕರೆಯ ಲಾಲ್‌ಬಾಗಿನೊಳಗೆ ಇಂಥ ಆರು ದ್ವೀಪ ಹಿಡಿಸಿ ಇನ್ನೂ ಜಾಗ ಮಿಗುತ್ತದೆ. 1938ರಲ್ಲಿ ಕ್ಲಾರೆನ್ಸ್ ರೇ ಕಾರ್ಪೆಂಟರ್ ಭಾರತದಿಂದ ಹಡಗಿನಲ್ಲಿ ಒಯ್ದ 409 ರೀಸಸ್ ಕೋತಿಗಳನ್ನು ಅಲ್ಲಿ ಬಿಟ್ಟರು. ಇಂದು ಅಲ್ಲಿ ಸಾವಿರದ ಏಳುನೂರರ ಆಸುಪಾಸು ಕೋತಿಗಳಿವೆ. ಎಲ್ಲವೂ ಆ 409ರ ಸಂತತಿ, ಎಲ್ಲವೂ ಭಾರತದ ಮೂಲದವು. ಚದರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ 11,000 ದಾಟುತ್ತದೆ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯ ಜನಸಾಂದ್ರತೆ 4,381. ನಮ್ಮ ರಾಜಧಾನಿಗಿಂತ ಎರಡೂವರೆ ಪಟ್ಟು ಇಕ್ಕಟ್ಟು!

409 ದೊಡ್ಡ ಸಂಖ್ಯೆ ಅನ್ನಿಸಿದ್ದರೆ ಇನ್ನೊಂದನ್ನು ಕೇಳಿ. 1950ರ ದಶಕದಲ್ಲಿ ಪೋಲಿಯೊ ಲಸಿಕೆಗೆ ಮಂಗದ ಮೂತ್ರಪಿಂಡದ ಜೀವಕೋಶಗಳು ಬೇಕಾದಾಗ, ಭಾರತದಿಂದ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ರೀಸಸ್ ಕೋತಿಗಳು ಪರದೇಶಕ್ಕೆ ಹೋದವು. ದಿನಕ್ಕೆ 274 ಅನ್ನಿ. ಇಷ್ಟು ದಶಕಗಳ ವಿಜ್ಞಾನಕ್ಕೆ ಬೀಜವಾದ ಆ 409 ಕೋತಿಗಳು ಆ ರಫ್ತಿನ ಒಂದೂವರೆ ದಿನದ ಬಾಬತ್ತು ಅಷ್ಟೆ. ಭಾರತ 1978ರಲ್ಲಿ ಈ ರಫ್ತನ್ನು ನಿಲ್ಲಿಸಿತು. ನಿಲ್ಲಿಸಿದ್ದು ಒಳ್ಳೆಯದಾಯಿತು, ಆ ಲಕ್ಷಗಳ ಋಣ ಮಾತ್ರ ಲಸಿಕೆ ಹಾಕಿಸಿಕೊಂಡ ನಮ್ಮೆಲ್ಲರ ಮೇಲಿದೆ.

ಕಾಯೊ ಸಾಂಟಿಯಾಗೊದಲ್ಲಿ 1956ರಿಂದ ಪ್ರತಿ ಕೋತಿಗೂ ಗುರುತಿನ ಹಚ್ಚೆಯಿದೆ, ತಾಯಿ ಯಾರೆಂಬ ದಾಖಲೆಯಿದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2017ರಿಂದ 2020ರವರೆಗೆ ಇಲ್ಲಿನ 236 ಗಂಡುಗಳನ್ನು ಗಮನಿಸಿದರು. ಗಂಡು ಗಂಡನ್ನೇ ಏರಿದ್ದು ಶೇ. 72ರಲ್ಲಿ, ಹೆಣ್ಣನ್ನು ಏರಿದ್ದು ಶೇ. 46ರಲ್ಲಿ. ತಲೆಯೆಣಿಕೆಗೆ ಇಳಿಸಿದರೆ ಒಂದು ಕಡೆ 170, ಇನ್ನೊಂದು ಕಡೆ 109ರ ಹತ್ತಿರ. ಅಪರೂಪ, ಅಪವಾದ ಎಂದು ಎಷ್ಟೋ ಕಾಲ ಬದಿಗೆ ಸರಿಸಿದ್ದ ವರ್ತನೆಯೇ ಬಹುಮತದ ವರ್ತನೆಯಾಗಿ ಹೊರಬಿತ್ತು!

ಈ ಅಧ್ಯಯನ ನಡೆಯುತ್ತಿದ್ದಾಗಲೇ, 2017ರ ಸೆಪ್ಟೆಂಬರ್ 20ರಂದು, ಮರಿಯಾ ಚಂಡಮಾರುತ ಬಂದೆರಗಿತು. ಗಾಳಿಯ ವೇಗ ಗಂಟೆಗೆ 250 ಕಿಲೋಮೀಟರ್. 160ರಲ್ಲಿ ಓಡಬಲ್ಲ ವಂದೇ ಭಾರತ್ ರೈಲಿನ ಒಂದೂವರೆ ಪಟ್ಟು. ದ್ವೀಪದ ಹಸಿರಿನ ಶೇ. 63 ಅಳಿಸಿಹೋಯಿತು. ಉಳಿದ ಚೂರುಪಾರು ನೆರಳಿಗಾಗಿ ಕೋತಿಗಳು ಕಚ್ಚಾಡಿ ಸಾಯುತ್ತವೆ ಎಂದೇ ಯಾರಾದರೂ ಊಹಿಸಬೇಕು. ನಡೆದದ್ದು ತದ್ವಿರುದ್ಧ. ಜಗಳ ಇಳಿಯಿತು, ಪಕ್ಕದಲ್ಲಿ ಕೂರಿಸಿಕೊಳ್ಳುವವರ ಸಂಖ್ಯೆ ಏರಿತು. ಹಾಗೆಂದು ಬಿರುಗಾಳಿ ಬೆಲೆ ಕೇಳದೆ ಹೋಗಲಿಲ್ಲ. ಬದುಕಿ ಉಳಿದ ಕೋತಿಗಳ ರಕ್ತ ಪರೀಕ್ಷಿಸಿದಾಗ ಅವುಗಳ ರೋಗನಿರೋಧಕ ವ್ಯವಸ್ಥೆ ಸರಾಸರಿ ಎರಡು ವರ್ಷ ಹೆಚ್ಚು ಮುಪ್ಪಾಗಿತ್ತು. ಮನುಷ್ಯರ ಆಯುಷ್ಯಕ್ಕೆ ಹೊಂದಿಸಿದರೆ ಏಳೆಂಟು ವರ್ಷ. ಒಂದೇ ಚಂಡಮಾರುತಕ್ಕೆ!

ಇಲ್ಲಿಯವರೆಗೆ ಲೆಕ್ಕ ಲಕ್ಷಗಳಲ್ಲಿ ಓಡಾಡುತ್ತಿತ್ತು. ಕೋತಿಯ ತಲೆಬುರುಡೆಯೊಳಗೆ ಇಳಿದರೆ ಕೋಟಿಗಳು ಶುರು. ರೀಸಸ್ ಕೋತಿಯ ಮಿದುಳು 87 ಗ್ರಾಂ, ಒಂದು ಸಾಧಾರಣ ಬಾಳೆಹಣ್ಣಿನ ತೂಕ. ಅದರ ಹೊರಪದರದ ಅರ್ಧಕ್ಕಿಂತ ಹೆಚ್ಚು ಜಾಗ ನೋಟದ ಕೆಲಸಕ್ಕೇ ಮೀಸಲು. 1991ರಲ್ಲಿ ಫೆಲ್ಲೆಮನ್ ಮತ್ತು ವ್ಯಾನ್ ಎಸ್ಸೆನ್ ಈ ನೋಟದ ನಾಡಿನ ನಕ್ಷೆ ಬರೆದರು: 32 ಪ್ರಾಂತ್ಯಗಳು, ಅವುಗಳ ನಡುವೆ 305 ದಾರಿಗಳು. ಹೆಚ್ಚುಕಡಿಮೆ ಕರ್ನಾಟಕದ ಜಿಲ್ಲೆಗಳಷ್ಟು ಪ್ರಾಂತ್ಯ, ಬರೀ ನೋಡುವುದಕ್ಕೆ!

ಏನು ನೋಡುತ್ತದೆ ಇಷ್ಟೊಂದು? ಬೇರೆ ಕೋತಿಗಳನ್ನು. 2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬಾಯಾರಿದ ಗಂಡು ರೀಸಸ್‌ಗಳಿಗೆ ಹಣ್ಣಿನ ರಸ ಮತ್ತು ಚಿತ್ರಗಳ ನಡುವೆ ಆಯ್ಕೆ ಕೊಟ್ಟರು. ಹೆಣ್ಣಿನ ಹಿಂಭಾಗದ ಚಿತ್ರಕ್ಕಾಗಿ, ತಮಗಿಂತ ಮೇಲಿನ ಗಂಡಿನ ಮುಖಕ್ಕಾಗಿ ಅವು ರಸ ಬಿಟ್ಟುಕೊಟ್ಟವು. ಕೀಳು ಅಂತಸ್ತಿನವನ ಮುಖ ನೋಡಬೇಕಾದರೆ ಮಾತ್ರ ಹೆಚ್ಚು ರಸವನ್ನು ಎದುರಿಂದಲೇ ಕೊಡಬೇಕಾಯಿತು.

ಒಂದು ಮುಖವನ್ನು ಗುರುತಿಸಲು ಎಷ್ಟು ನರಕೋಶ ಬೇಕು? 2017ರಲ್ಲಿ ಕ್ಯಾಲ್‌ಟೆಕ್‌ನ ಲೆ ಚಾಂಗ್ ಮತ್ತು ಡೋರಿಸ್ ತ್ಸಾವೊ ಮಕಾಕ್‌ಗಳಿಗೆ 2,000 ಮನುಷ್ಯಮುಖಗಳನ್ನು ತೋರಿಸಿ, ಕೇವಲ 205 ನರಕೋಶಗಳ ಮಿಡಿತವನ್ನು ಆಲಿಸಿ, ಕೋತಿ ನೋಡುತ್ತಿದ್ದ ಮುಖವನ್ನು ಕಂಪ್ಯೂಟರ್ ಪರದೆಯ ಮೇಲೆ ಮತ್ತೆ ಮೂಡಿಸಿದರು. ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವುದೇ ಕಷ್ಟ, ಅಷ್ಟು ಸಾಮ್ಯ. ರೀಸಸ್ ಕೋತಿಯ ಮಿದುಳಿನಲ್ಲಿರುವ ಒಟ್ಟು ನರಕೋಶಗಳು 640 ಕೋಟಿ. 205 ಎಂದರೆ ಮೂರು ಕೋಟಿ ಹನ್ನೆರಡು ಲಕ್ಷಕ್ಕೆ ಒಂದು. 2011ರ ಜನಗಣತಿಯ 6 ಕೋಟಿ 11 ಲಕ್ಷ ಕನ್ನಡನಾಡಿನವರಲ್ಲಿ ಇಬ್ಬರನ್ನು ಆರಿಸಿ, ಅವರಿಬ್ಬರ ಮಾತು ಕೇಳಿ, ನಾಡಿನ ಕಣ್ಣೆದುರು ಯಾರ ಮುಖವಿದೆಯೆಂದು ಬರೆದುಕೊಟ್ಟ ಹಾಗೆ!

ಈ 640 ಕೋಟಿಯನ್ನು ಸೆಕೆಂಡಿಗೆ ಒಂದರಂತೆ ಎಣಿಸಬಹುದೇ? ಶ್ರೀರಂಗಪಟ್ಟಣ ಬಿದ್ದ 1799ರ ಮೇ 4ರಂದು ಒಬ್ಬರು ಕುಳಿತು ಎಣಿಸಲು ಶುರುಮಾಡಿದ್ದರೆ, ಮಕ್ಕಳು ಮೊಮ್ಮಕ್ಕಳು ಒಬ್ಬರಾದ ಮೇಲೊಬ್ಬರು ಹೆಗಲು ಕೊಟ್ಟು, ಕೊನೆಯ ನರಕೋಶ ಎಣಿಸುವಾಗ 2002ರ ಫೆಬ್ರವರಿ ಬಂದಿರುತ್ತಿತ್ತು. ನಮ್ಮ ಮಿದುಳಿನ 8,600 ಕೋಟಿಗೆ 2,725 ವರ್ಷ; ಬುದ್ಧ ಹುಟ್ಟುವುದಕ್ಕೂ ಮೊದಲೇ ಕೂರಬೇಕಿತ್ತು.

ಈ ಕೋಟಿಗಳ ರಾಶಿಯನ್ನು ಅಲ್ಲಾಡಿಸಲು ಒಬ್ಬ ಸಂಗಾತಿ ಸಾಕು. ಆಕ್ಸ್‌ಫರ್ಡಿನಲ್ಲಿ 23 ಮಕಾಕ್‌ಗಳ ಮಿದುಳನ್ನು ಸ್ಕ್ಯಾನ್ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವು ಬದುಕಿದ್ದ ಗುಂಪುಗಳು ಒಂಟಿಯಿಂದ ಹಿಡಿದು ಏಳರವರೆಗೆ. ಜೊತೆಗಾರರು ಹೆಚ್ಚಿದಷ್ಟೂ ಮುಖ, ನೋಟ, ಇಂಗಿತಗಳನ್ನು ಓದುವ ಭಾಗಗಳಲ್ಲಿ ಬೂದುದ್ರವ್ಯ ಹೆಚ್ಚಿತ್ತು.

ಇನ್ನು ಕೊನೆಯ ಲೆಕ್ಕ, ಎಲ್ಲಕ್ಕಿಂತ ಹಳೆಯದು. ಸರ್ಪಗಳ ಭಯವೇ ನಮ್ಮ ಪೂರ್ವಜರ ಕಣ್ಣನ್ನು ಇಷ್ಟು ಚುರುಕಾಗಿ ತಿದ್ದಿತು ಎಂದು ಲಿನ್ ಇಸ್ಬೆಲ್ ಎಂಬ ಮಾನವಶಾಸ್ತ್ರಜ್ಞೆ 2006ರಲ್ಲಿ ವಾದ ಮಂಡಿಸಿದರು. ಅವರ ಪ್ರಕಾರ ವಿಷದ ಹಾವುಗಳ ಜೊತೆಗಿನ ಈ ವೈರಕ್ಕೆ ಸುಮಾರು ಆರು ಕೋಟಿ ವರ್ಷ. ನಮ್ಮ ಹಂಪಿಯ ವಿಜಯನಗರ ಕಟ್ಟಿ ಏಳುನೂರು ವರ್ಷವೂ ಆಗಿಲ್ಲ. ಅಂಥ ಎಂಬತ್ತೈದು ಸಾವಿರಕ್ಕೂ ಮಿಕ್ಕಿದ ವಿಜಯನಗರಗಳ ಕಾಲವನ್ನು ಒಂದರ ಹಿಂದೊಂದು ಇಟ್ಟರೆ ಅಲ್ಲಿಗೆ ಮುಟ್ಟೀತು. 2013ರಲ್ಲಿ ಜಪಾನಿನಲ್ಲಿ ಇದನ್ನು ಪರೀಕ್ಷಿಸಿದರು. ಹಾವು ಕಣ್ಣಿಗೆ ಬೀಳುವ ಸಾಧ್ಯತೆಯೇ ಇಲ್ಲದ ಕಡೆ ಹುಟ್ಟಿ ಬೆಳೆದ ಎರಡು ಮಕಾಕ್‌ಗಳನ್ನು ಪರದೆಯ ಮುಂದೆ ಕೂರಿಸಿ, ಮಿದುಳಿನಾಳದ ಪುಟ್ಟ ನೋಟಕೇಂದ್ರವೊಂದಕ್ಕೆ ಸೂಕ್ಷ್ಮ ತಂತಿ ಇಳಿಸಿ, ಮುಖ, ಕೈ, ಆಕೃತಿ, ಹಾವುಗಳ ಚಿತ್ರ ತೋರಿಸಿದರು. ಚಿತ್ರಗಳಿಗೆ ಸ್ಪಂದಿಸಿದ ನರಕೋಶಗಳು 91. ಅವುಗಳಲ್ಲಿ ಮುಖಕ್ಕಿಂತಲೂ ಕೈಗಿಂತಲೂ ಹಾವಿಗೇ ಅತಿ ಜೋರಾಗಿ ಮಿಡಿದವು ಸುಮಾರು ಶೇ. 40. ಆ ಎರಡು ಕೋತಿಗಳು ಹುಟ್ಟಿದಾಗಿನಿಂದ ಕಂಡ ಹಾವುಗಳ ಸಂಖ್ಯೆ ಸೊನ್ನೆ.